ಗುಮಾಸ್ತಿಕೆಯಿಂದ ಗಡಿ ನಿರ್ಣಯದವರೆಗೆ: ಕವಾಜಿ ತೊಶಿಅಕಿರನ ಸೇವಾಜೀವನ

ಜಪಾನನ್ನು 1603ರಿಂದ 1868ರವರೆಗೆ ಆಳಿದ ತೊಕುಗವಾ ಶೋಗನ್ ಮನೆತನದ ಆಡಳಿತವೆಂದರೆ ಹುಟ್ಟಿನ ಮೇಲೆಯೇ ಎಲ್ಲ ಸ್ಥಾನಮಾನಗಳನ್ನು ನಿಗದಿಮಾಡಿದ್ದ, ಹೊರಜಗತ್ತಿಗೆ ಬಾಗಿಲು ಹಾಕಿಕೊಂಡು ಒಳಗೇ ಜಡ್ಡುಗಟ್ಟಿದ್ದ ವ್ಯವಸ್ಥೆಯೆಂದೂ, 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿಯ ಹಡಗುಗಳು ಕಾಣಿಸಿಕೊಂಡೊಡನೆ ಅದು ದಿಕ್ಕುಗೆಟ್ಟು ಕುಸಿಯಿತೆಂದೂ ಹೇಳುವುದು ವಾಡಿಕೆ. ಈ ಚಿತ್ರವನ್ನು ಬಹುಮಟ್ಟಿಗೆ ಬಿಡಿಸಿಕೊಟ್ಟವರು ಆ ಆಡಳಿತವನ್ನು ಉರುಳಿಸಿ ಅಧಿಕಾರಕ್ಕೆ ಬಂದ ಸತ್ಸುಮಾ ಮತ್ತು ಚೋಶು ಸಂಸ್ಥಾನಗಳ ಮುಖಂಡರು ಹಾಗೂ ಅವರ ನೆರಳಿನಲ್ಲಿ ಬರೆದ ಇತಿಹಾಸಕಾರರು. ಶೋಗನ್ ಆಡಳಿತದ ಕೊನೆಯ ಮೂವತ್ತು ನಲವತ್ತು ವರ್ಷಗಳಲ್ಲಿ ಅದರ ಕಚೇರಿಗಳಲ್ಲಿ ದುಡಿದವರ ಬದುಕನ್ನು ಹತ್ತಿರದಿಂದ ನೋಡಿದಾಗ ಬೇರೆಯದೇ ಸಂಗತಿ ಕಾಣುತ್ತದೆ. ಅಂಥವರಲ್ಲಿ ಕವಾಜಿ ತೊಶಿಅಕಿರ (1801–1868) ಮುಖ್ಯನಾದವನು. ಕ್ಯೂಶು ದ್ವೀಪದ ಒಂದು ಸಣ್ಣ ಪಟ್ಟಣದಲ್ಲಿ ಕೆಳದರ್ಜೆಯ ನೌಕರನ ಮಗನಾಗಿ ಹುಟ್ಟಿ, ಪರೀಕ್ಷೆ ಬರೆದು ಗುಮಾಸ್ತನಾಗಿ ಸೇರಿ, ಹಣಕಾಸಿನ ಮುಖ್ಯಾಧಿಕಾರಿಯ ಸ್ಥಾನಕ್ಕೇರಿ, ರಷ್ಯಾದೊಡನೆ ಜಪಾನಿನ ಮೊತ್ತಮೊದಲ ಗಡಿ ಒಪ್ಪಂದವನ್ನು ಮಾಡಿಕೊಂಡ ಈ ಮನುಷ್ಯ, ಆ ಆಡಳಿತ ಯೋಗ್ಯರನ್ನು ಹೇಗೆ ಹುಡುಕಿಕೊಳ್ಳುತ್ತಿತ್ತು ಮತ್ತು ಅವರನ್ನು ಎಲ್ಲಿ ಕೈಬಿಡುತ್ತಿತ್ತು ಎಂಬ ಎರಡನ್ನೂ ತನ್ನ ಸೇವಾಜೀವನದಲ್ಲಿ ತೋರಿಸಿಕೊಟ್ಟಿದ್ದಾನೆ.

ಅವನ ಏರಿಕೆ ಅರ್ಥವಾಗಬೇಕಾದರೆ ಮೊದಲು ಆಡಳಿತದ ಮೆಟ್ಟಿಲುಗಳನ್ನು ತಿಳಿಯಬೇಕು. ಇಂದಿನ ಟೋಕಿಯೊ ನಗರವಾಗಿರುವ ಎದೋ ಶೋಗನ್‌ನ ರಾಜಧಾನಿಯಾಗಿತ್ತು. ಚಕ್ರವರ್ತಿ ಕ್ಯೋಟೊದಲ್ಲಿ ವಾಸವಾಗಿದ್ದು, ಪೂಜ್ಯಸ್ಥಾನವಿದ್ದರೂ ದಿನದಿನದ ಆಡಳಿತದಲ್ಲಿ ಅವನ ಪಾತ್ರವಿರಲಿಲ್ಲ. ನೀತಿ ನಿರ್ಧಾರ ಮಾಡುತ್ತಿದ್ದವರು ರೋಜು ಎಂದು ಕರೆಯಲಾಗುತ್ತಿದ್ದ ನಾಲ್ಕೈದು ಹಿರಿಯ ಮಂತ್ರಿಗಳು. ಈ ಸ್ಥಾನ ಶೋಗನ್ ಮನೆತನಕ್ಕೆ ವಂಶಪಾರಂಪರ್ಯವಾಗಿ ನಿಷ್ಠರಾದ ಸಾಮಂತ ಪ್ರಭುಗಳಿಗೆ, ಎಂದರೆ ದೈಮ್ಯೋಗಳಿಗೆ, ಮೀಸಲಾಗಿತ್ತು. ಮಂತ್ರಿಗಳ ಕೆಳಗೆ ಹಣಕಾಸು, ನಗರಾಡಳಿತ, ದೇವಾಲಯಗಳು, ದೂರದ ಊರುಗಳು ಮುಂತಾದವನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಗಳಿಗೆ ಬುಗ್ಯೋ ಎಂದು ಹೆಸರು. ಇವರಲ್ಲಿ ಹೆಚ್ಚಿನವರು ಶೋಗನ್‌ನ ನೇರ ಸೇವಕರಾದ ಹತಮೊತೊ ವರ್ಗದವರು. ಹತಮೊತೊಗಳ ಸಂಖ್ಯೆ ಸುಮಾರು 5,000 ಇದ್ದರೆ, ಅವರಿಗಿಂತ ಕೆಳಗಿದ್ದ ಗೊಕೆನಿನ್ ವರ್ಗದವರು ಸುಮಾರು 17,000 ಇದ್ದರು. ಈ ಎರಡು ವರ್ಗಗಳ ನಡುವಿನ ಗೆರೆ ಸ್ಪಷ್ಟವಾಗಿತ್ತು: ಶೋಗನ್‌ನ ಸಮ್ಮುಖಕ್ಕೆ ಹೋಗಿ ತಲೆಬಾಗುವ ಹಕ್ಕು ಹತಮೊತೊಗಳಿಗಿತ್ತು, ಗೊಕೆನಿನ್‌ಗಳಿಗೆ ಇರಲಿಲ್ಲ.

ಈ ಗೆರೆಯನ್ನು ದಾಟಲು ಅವಕಾಶವಿದ್ದ ಕೆಲವೇ ಕಚೇರಿಗಳಲ್ಲಿ ಮುಖ್ಯವಾದದ್ದು ಕಂಜೋಶೊ ಎಂಬ ಹಣಕಾಸು ಕಚೇರಿ. ಶೋಗನ್‌ನ ಸ್ವಂತ ಭೂಮಿಗಳಿಂದ ಬರುವ ಭತ್ತದ ಕಂದಾಯ, ಗಣಿಗಳು, ನಾಣ್ಯ, ಹಳ್ಳಿಗಳ ವ್ಯಾಜ್ಯಗಳು, ಎಲ್ಲವೂ ಇಲ್ಲಿಯೇ ತೀರ್ಮಾನವಾಗಬೇಕಿದ್ದುದರಿಂದ, ಬರೆಯಲು ಮತ್ತು ಲೆಕ್ಕ ಹಾಕಲು ಬಾರದವರನ್ನು ಕುಲದ ಕಾರಣಕ್ಕೆ ಕೂರಿಸಿಕೊಂಡರೆ ಕೆಲಸ ನಡೆಯುತ್ತಿರಲಿಲ್ಲ. ಹೀಗಾಗಿ ಕೆಳಹಂತದ ನೇಮಕಾತಿಗೆ ಬರವಣಿಗೆ ಮತ್ತು ಗಣಿತದ ಪರೀಕ್ಷೆಯೊಂದನ್ನು ನಡೆಸಲಾಗುತ್ತಿತ್ತು. ಎಂಟನೆಯ ಶೋಗನ್ ಯೊಶಿಮುನೆ 1723ರಲ್ಲಿ ತಂದ ಇನ್ನೊಂದು ವ್ಯವಸ್ಥೆ ಮೇಲಿನ ಹಂತಗಳಿಗೂ ದಾರಿ ತೆರೆದಿತ್ತು. ಆವರೆಗೆ ದೊಡ್ಡ ಹುದ್ದೆಯ ಖರ್ಚನ್ನು ಅಧಿಕಾರಿ ತನ್ನ ಮನೆತನದ ಆದಾಯದಿಂದಲೇ ನಿಭಾಯಿಸಬೇಕಿದ್ದುದರಿಂದ ಬಡ ಮನೆತನದವನಿಗೆ ಅಂಥ ಹುದ್ದೆ ಕೊಡುವುದೇ ಕಷ್ಟವಾಗಿತ್ತು. ಯೊಶಿಮುನೆ ಪ್ರತಿ ಹುದ್ದೆಗೂ ಒಂದು ಆದಾಯದ ಮಟ್ಟವನ್ನು ಗೊತ್ತುಮಾಡಿ, ಮನೆತನದ ಆದಾಯ ಅದಕ್ಕಿಂತ ಕಡಿಮೆಯಿದ್ದರೆ ಹುದ್ದೆಯಲ್ಲಿರುವಷ್ಟು ಕಾಲ ಉಳಿದದ್ದನ್ನು ಸರ್ಕಾರವೇ ತುಂಬಿಕೊಡುವಂತೆ ಮಾಡಿದ. ಹಣಕಾಸಿನ ಬುಗ್ಯೋ ಹುದ್ದೆಗೆ ಈ ಮಟ್ಟ 3,000 ಕೊಕು. ಕೊಕು ಎಂದರೆ ಸುಮಾರು 180 ಲೀಟರ್ ಅಕ್ಕಿಯ ಅಳತೆ; ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ಎಂಬ ಲೆಕ್ಕದಲ್ಲಿ ಅದು ರೂಢಿಯಲ್ಲಿತ್ತು. ಸಾಮಾನ್ಯ ಗೊಕೆನಿನ್ ಮನೆತನದ ಆದಾಯವನ್ನು ಇದರ ಪಕ್ಕದಲ್ಲಿಟ್ಟರೆ ಅಂತರ ಎಷ್ಟು ದೊಡ್ಡದೆಂಬುದು ತಾನೇ ತಿಳಿಯುತ್ತದೆ.

ಕವಾಜಿ ಹುಟ್ಟಿದ್ದು ಬುಂಗೊ ಪ್ರಾಂತದ ಹಿತಾ ಪಟ್ಟಣದಲ್ಲಿ. ಶೋಗನ್‌ನ ನೇರ ಆಡಳಿತಕ್ಕೆ ಒಳಪಟ್ಟಿದ್ದ ಆ ಪ್ರದೇಶದ ಕಂದಾಯ ಕಚೇರಿಯಲ್ಲಿ ನೈತೊ ಎಂಬ ಮನೆತನದ ಅವನ ತಂದೆ ಸಣ್ಣ ನೌಕರನಾಗಿದ್ದ. ಮಗನ ಬಾಲ್ಯದಲ್ಲೇ ಈ ಕುಟುಂಬ ಎದೋಗೆ ಬಂದು ನೆಲಸಿತು. 1812ರಲ್ಲಿ ಹುಡುಗನನ್ನು ಕವಾಜಿ ಎಂಬ ಗೊಕೆನಿನ್ ಮನೆತನಕ್ಕೆ ದತ್ತು ಕೊಡಲಾಯಿತು. ಜಪಾನಿನಲ್ಲಿ ದತ್ತಕವು ಪಿಂಡಪ್ರದಾನದ ಅಗತ್ಯಕ್ಕಷ್ಟೇ ಸೀಮಿತವಾಗಿರದೆ, ಮನೆತನದ ಹೆಸರು ಮತ್ತು ಅದಕ್ಕೆ ಅಂಟಿಕೊಂಡ ಸರ್ಕಾರಿ ಆದಾಯವನ್ನು ಉಳಿಸಿಕೊಳ್ಳಲು ಹಾಗೂ ಚುರುಕಾದ ಹುಡುಗರಿಗೆ ಸ್ಥಾನ ದೊರಕಿಸಲು ಎಲ್ಲ ವರ್ಗದವರೂ ಬಳಸುತ್ತಿದ್ದ ಉಪಾಯವಾಗಿತ್ತು. ಅವನ ತಮ್ಮನೂ ಹೀಗೆಯೇ ಬೇರೊಂದು ಮನೆಗೆ ದತ್ತು ಹೋಗಿ ಇನೌಯೆ ಕಿಯೊನವೊ ಎಂಬ ಹೆಸರಿನಿಂದ ಮುಂದೆ ಪ್ರಸಿದ್ಧನಾದ. ಒಂದೇ ತಾಯಿಯ ಮಕ್ಕಳಾದ ಈ ಇಬ್ಬರು ಎರಡು ಬೇರೆ ಬೇರೆ ಮನೆತನಗಳ ಹೆಸರಿನಲ್ಲಿ ಬುಗ್ಯೋ ಪದವಿಗೆ ಏರಿದರೆಂಬುದು ಆ ಕಾಲದಲ್ಲೂ ಅಪರೂಪದ ಸಂಗತಿ.

ಕವಾಜಿ 1817ರಲ್ಲಿ ಹಣಕಾಸು ಕಚೇರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮರುವರ್ಷ ಅಲ್ಲಿ ಕೆಳಗಿನ ಗುಮಾಸ್ತನಾಗಿ ಸೇರಿಕೊಂಡ. ಕೆಲವು ವರ್ಷಗಳಲ್ಲಿ ಬಡ್ತಿ ಪಡೆದು ಹತಮೊತೊ ದರ್ಜೆಯನ್ನು ಮುಟ್ಟಿದ. ಅವನ ಬುದ್ಧಿ ನಿಜವಾಗಿ ಸಾಣೆಗೊಂಡದ್ದು ಹ್ಯೋಜೋಶೊ ಎಂಬ ಉನ್ನತ ನ್ಯಾಯಸಭೆಯಲ್ಲಿ. ದೇವಾಲಯ, ನಗರ, ಹಣಕಾಸು ಎಂಬ ಮೂರು ಇಲಾಖೆಗಳ ಬುಗ್ಯೋಗಳು ಕೂಡಿ ಕುಳಿತು ತೀರ್ಪು ಕೊಡುತ್ತಿದ್ದ ಈ ಸಭೆಯಲ್ಲಿ ಸಾಕ್ಷಿಗಳನ್ನು ವಿಚಾರಿಸುವುದು, ಹೇಳಿಕೆಗಳನ್ನು ಬರೆದುಕೊಳ್ಳುವುದು, ಹಳೆಯ ತೀರ್ಪುಗಳನ್ನು ಹುಡುಕಿ ಹೊಂದಿಸುವುದು, ಕರಡು ತೀರ್ಪನ್ನು ಸಿದ್ಧಪಡಿಸುವುದು ಮುಂತಾದ ಎಲ್ಲ ಕೆಲಸವೂ ಹಣಕಾಸು ಕಚೇರಿಯಿಂದ ಎರವಲು ಬಂದ ಗುಮಾಸ್ತರ ಪಾಲಿಗಿತ್ತು. ಎರಡು ಹೇಳಿಕೆಗಳ ನಡುವಿನ ಬಿರುಕನ್ನು ಗುರುತಿಸುವುದು, ಎದುರಿಗಿರುವವನು ಯಾವುದನ್ನು ಹೇಳದೆ ಬಿಟ್ಟಿದ್ದಾನೆಂಬುದನ್ನು ಗಮನಿಸುವುದು, ಕಾಗದದ ಆಧಾರವಿಲ್ಲದ ಮಾತನ್ನು ಒಪ್ಪದಿರುವುದು ಎಂಬ ಇಲ್ಲಿಯ ಅಭ್ಯಾಸಗಳೇ ಮೂವತ್ತು ವರ್ಷಗಳ ನಂತರ ರಷ್ಯನ್ನರ ಎದುರಿಗೆ ಅವನ ಆಯುಧಗಳಾದವು ಎಂದು ಹೇಳಬಹುದು. ವಿದೇಶಾಂಗ ಇಲಾಖೆಯೆಂಬುದೇ ಇಲ್ಲದ ಸರ್ಕಾರಕ್ಕೆ ತನ್ನ ನ್ಯಾಯಸಭೆಯ ವಿಚಾರಣಾಧಿಕಾರಿಗಳು ಸಂಧಾನಕಾರರಾಗಿ ಒದಗಿ ಬಂದರು.

ಅವನಿಗೆ ಹೆಸರು ತಂದ ಪ್ರಕರಣ 1835ರ ಸೆಂಗೊಕು ಗಲಭೆ. ತಜಿಮಾ ಪ್ರಾಂತದ ಇಜುಶಿ ಸಂಸ್ಥಾನದಲ್ಲಿ ಪ್ರಭುವಿನ ಮುಖ್ಯ ಕಾರಭಾರಿ ಸೆಂಗೊಕು ಸಕ್ಯೋ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡು ಎದುರಾಳಿಗಳನ್ನು ಹತ್ತಿಕ್ಕುತ್ತಿದ್ದ. ಅವರಲ್ಲೊಬ್ಬ ತಪ್ಪಿಸಿಕೊಂಡು, ಮುಖ ಮುಚ್ಚುವ ಬುಟ್ಟಿ ತೊಟ್ಟು ಕೊಳಲು ನುಡಿಸುತ್ತ ತಿರುಗುವ ಕೊಮುಸೊ ಪಂಥದ ಸನ್ಯಾಸಿಯಾಗಿ ಎದೋಗೆ ಬಂದ. ನಗರದ ಅಧಿಕಾರಿಗಳು ಅವನನ್ನು ಬಂಧಿಸಿದಾಗ, ಸನ್ಯಾಸಿಯ ವಿಚಾರಣೆ ನಗರಾಡಳಿತದ ವ್ಯಾಪ್ತಿಗೆ ಬರುವುದಿಲ್ಲವೆಂದು ಅವನ ಮಠ ದೇವಾಲಯಗಳ ಬುಗ್ಯೋ ಆದ ವಕಿಸಕಾ ಯಸುತದನ ಬಳಿ ದೂರು ಕೊಂಡೊಯ್ದಿತು. ಆಗ ವಕಿಸಕಾನ ಕಚೇರಿಯಲ್ಲಿ ವಿಚಾರಣಾಧಿಕಾರಿಯಾಗಿದ್ದವನು ಕವಾಜಿ. ಸಕ್ಯೋನ ಮಗನ ಮದುವೆಯ ಮೂಲಕ ಹಿರಿಯ ಮಂತ್ರಿಗಳಲ್ಲಿ ಮೊದಲಿಗನಾದ ಮತ್ಸುದೈರಾ ಯಸುತೊನ ಕುಟುಂಬಕ್ಕೆ ಆ ಕಾರಭಾರಿಯ ಸಂಬಂಧ ಬೆಳೆದಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ಎಳೆಯನ್ನು ಹಿಡಿದು ಜಗ್ಗಿದರೆ ಅದು ಮಂತ್ರಿಯ ಮನೆಬಾಗಿಲಿಗೆ ತಲುಪುತ್ತದೆಂಬುದು ತಿಳಿದೂ ವಕಿಸಕಾ ಮತ್ತು ಕವಾಜಿ ಹಿಂಜರಿಯಲಿಲ್ಲ. ಸಕ್ಯೋನಿಗೆ ಮರಣದಂಡನೆಯಾಯಿತು, ಇಜುಶಿಯ ಆದಾಯ 58,000 ಕೊಕುವಿನಿಂದ 30,000ಕ್ಕೆ ಇಳಿಯಿತು, ಮತ್ಸುದೈರಾ ಅಧಿಕಾರ ಕಳೆದುಕೊಂಡ. ಕವಾಜಿಗೆ ಹಣಕಾಸು ಕಚೇರಿಯ ಲೆಕ್ಕ ತಪಾಸಣಾಧಿಕಾರಿಯ ಸ್ಥಾನ ದೊರೆಯಿತು. ಕೆಳಗಿನಿಂದ ಬಂದ ಒಬ್ಬ ನೌಕರ ಪ್ರಧಾನ ಮಂತ್ರಿಯನ್ನು ಬೀಳಿಸಬಲ್ಲ ತನಿಖೆ ನಡೆಸಿ ಶಿಕ್ಷೆಗೆ ಬದಲು ಬಡ್ತಿ ಪಡೆದನೆಂಬುದು, ಪೂರ್ತಿ ಕೊಳೆತ ಆಡಳಿತವೊಂದರಲ್ಲಿ ನಡೆಯುವ ಮಾತಲ್ಲ. ಹೊಸದಾಗಿ ಮೇಲೆ ಬರುತ್ತಿದ್ದ ಮಂತ್ರಿ ಮಿಜುನೊ ತದಕುನಿಗೆ ಮತ್ಸುದೈರಾನ ಪತನ ಅನುಕೂಲವಾಗಿತ್ತೆಂಬುದೂ ನಿಜ. ನ್ಯಾಯಕ್ಕೆ ರಾಜಕೀಯದ ಗಾಳಿಯೂ ಕೂಡಿಬಂದಿತ್ತು.

ಆ ಗಾಳಿ ತಿರುಗಿದಾಗ ಏನಾಗುತ್ತದೆಂಬುದೂ ಬೇಗನೆ ತಿಳಿಯಿತು. ಕವಾಜಿಗೆ ಡಚ್ ಭಾಷೆಯ ಮೂಲಕ ಪಾಶ್ಚಾತ್ಯ ವಿದ್ಯೆಗಳನ್ನು ಅಭ್ಯಸಿಸುತ್ತಿದ್ದ ವಿದ್ವಾಂಸರ ಸ್ನೇಹವಿತ್ತು. ಚಿತ್ರಕಾರನೂ ಚಿಂತಕನೂ ಆಗಿದ್ದ ವತನಬೆ ಕಜಾನ್, ಫಿರಂಗಿ ಮತ್ತು ಕರಾವಳಿ ರಕ್ಷಣೆಯ ತಜ್ಞ ಎಗವಾ ಹಿದೆತತ್ಸು ಅವನ ಬಳಗದಲ್ಲಿದ್ದರು. 1839ರಲ್ಲಿ ಸರ್ಕಾರ ವತನಬೆ ಕಜಾನ್ ಮತ್ತು ವೈದ್ಯ ತಕನೊ ಚೋಯೆಯರನ್ನು ಬಂಧಿಸಿ ಈ ವಲಯದ ಮೇಲೆ ಬಿದ್ದಾಗ ಕವಾಜಿ ಹೇಗೋ ಪಾರಾದ. 1840ರಲ್ಲಿ, ಎರಡು ವರ್ಷಗಳ ಹಿಂದೆ ದೊಡ್ಡ ರೈತದಂಗೆ ನಡೆದಿದ್ದ ಚಿನ್ನದ ಗಣಿಗಳ ದ್ವೀಪ ಸಾದೊಗೆ ಬುಗ್ಯೋ ಆಗಿ ಹೋದ. ಮರಳಿ ಬಂದ ಮೇಲೆ ಮಿಜುನೊ ತದಕುನಿ ಕೈಗೊಂಡ ಸುಧಾರಣೆಗಳ ಕಾಲದಲ್ಲಿ ಕಟ್ಟಡ ಕಾಮಗಾರಿಗಳ ಬುಗ್ಯೋ ಆಗಿದ್ದ. 1843ರಲ್ಲಿ ಮಿಜುನೊ ಬಿದ್ದ. 1846ರಲ್ಲಿ ಕವಾಜಿಯನ್ನು ನಾರಾಕ್ಕೆ ವರ್ಗ ಮಾಡಲಾಯಿತು. ಹೆಸರಿಗೆ ಬುಗ್ಯೋ ಪದವಿಯೇ ಆದರೂ, ಹಳೆಯ ದೇವಾಲಯಗಳ ಆ ನಿಶ್ಶಬ್ದ ಊರಿಗೆ ಹೋಗುವುದೆಂದರೆ ನೀತಿ ನಿರ್ಧಾರದ ಕೇಂದ್ರದಿಂದ ದೂರವಾಗುವುದೇ ಆಗಿತ್ತು.

ನಾರಾದಲ್ಲಿ ಕಳೆದ ಐದು ವರ್ಷಗಳ ಬಗ್ಗೆ ತಿಳಿಯಲು ಅವನು ಎದೋದಲ್ಲಿದ್ದ ಹೆತ್ತ ತಾಯಿಗೆ ಕಳಿಸುತ್ತಿದ್ದ ದಿನಚರಿಯೇ ದೊಡ್ಡ ಆಕರ. ಸಾದೊದಿಂದಲೂ ಅವನು ಹೀಗೆಯೇ ಬರೆದು ಕಳಿಸುತ್ತಿದ್ದ. ಸರ್ಕಾರಿ ವರದಿಯ ಬಿಗುವು ಇಲ್ಲದ, ತಾಯಿ ಓದಿ ಸಂತೋಷಪಡಲೆಂದು ಬರೆದ ಈ ಪುಟಗಳಲ್ಲಿ ವಿಚಾರಣೆಗಳು, ಊರಿನ ಜನ, ಜಿಂಕೆಗಳು, ಮನೆಯವರ ಮಾತುಕತೆ ಎಲ್ಲವೂ ಸೇರಿಕೊಂಡಿರುವುದರಿಂದ, ಹತ್ತೊಂಬತ್ತನೆಯ ಶತಮಾನದ ಜಪಾನಿನ ಅಧಿಕಾರಿಯೊಬ್ಬನ ಒಳಬದುಕನ್ನು ಇಷ್ಟು ಸಮೀಪದಿಂದ ಕಾಣಿಸುವ ಬರಹಗಳು ಹೆಚ್ಚಿಲ್ಲ. ನಾರಾದಲ್ಲಿ ಅವನು ಜೂಜನ್ನು ಹತ್ತಿಕ್ಕಿದ, ಲಂಚಕ್ಕೆ ಕೈಯೊಡ್ಡುತ್ತಿದ್ದ ಕೆಳಗಿನವರನ್ನು ಸರಿದಾರಿಗೆ ತಂದ, ಬಡವರಿಗೆ ನೆರವು ಕೊಡುವ ಏರ್ಪಾಡು ಮಾಡಿದ. ಐವರನ್ನು ಅಳಿಸಿ ನೂರು ಮಂದಿಯನ್ನು ನಗಿಸುವ ಬುಗ್ಯೋ ಎಂಬ ಬಿರುದು ಅಲ್ಲಿ ಅವನಿಗೆ ಸಿಕ್ಕಿತು. ಬರಿದಾಗಿದ್ದ ದೇವಾಲಯಗಳ ಸುತ್ತ ಚೆರ್ರಿ ಮತ್ತು ಮೇಪಲ್ ಸಸಿಗಳನ್ನು ನೆಡಿಸಿದಾಗ ಊರಿನವರೂ ಕೈಜೋಡಿಸಿದರು. ಅದರ ನೆನಪಿಗಾಗಿ 1850ರಲ್ಲಿ ಅವನೇ ಬರೆದ ಶಾಸನದ ಕಲ್ಲು ಸರುಸವಾ ಕೊಳದ ಬಳಿ ಇಂದಿಗೂ ಇದೆ. ಮೊದಲ ಚಕ್ರವರ್ತಿಯೆಂದು ಪುರಾಣಗಳು ಹೇಳುವ ಜಿಮ್ಮುವಿನ ಸಮಾಧಿ ಎಲ್ಲಿರಬಹುದೆಂಬುದನ್ನು ಕುರಿತು ಒಂದು ಪ್ರಬಂಧವನ್ನೂ ಬರೆದ. ಕಡೆಗಣಿಸಲ್ಪಟ್ಟ ಅಧಿಕಾರಿಯ ಸಮಯವೆಲ್ಲ ಹೀಗೆ ಕೆಲಸದಲ್ಲೇ ಕಳೆದದ್ದು ಅವನ ಸ್ವಭಾವವನ್ನು ತಿಳಿಸುತ್ತದೆ.

ಅಷ್ಟರಲ್ಲಿ ಎದೋದಲ್ಲಿ ಅಬೆ ಮಸಹಿರೊ ಎಂಬ ತರುಣ ಮಂತ್ರಿ ಅಧಿಕಾರಕ್ಕೆ ಬಂದಿದ್ದ. ಸಮುದ್ರದಾಚೆಯ ಒತ್ತಡ ಹೆಚ್ಚುತ್ತಿದೆಯೆಂಬುದನ್ನು ಅರಿತಿದ್ದ ಅವನು ಸಮರ್ಥರನ್ನು ಹುಡುಕಿ ಮೇಲೆ ತಂದ. ಇವಾಸೆ ತದನರಿ, ನಗೈ ನವೊಯುಕಿ ಮುಂತಾದವರೊಂದಿಗೆ ಕವಾಜಿಯೂ ಅವರಲ್ಲಿ ಒಬ್ಬ. 1851ರಲ್ಲಿ ಒಸಾಕಾದ ನಗರ ಬುಗ್ಯೋ, 1852ರಲ್ಲಿ ಹಣಕಾಸಿನ ಬುಗ್ಯೋ ಮತ್ತು ಅದರ ಜೊತೆಗೆ ಕರಾವಳಿ ರಕ್ಷಣೆಯ ಹೊಣೆ, ಹೀಗೆ ಒಂದರ ಹಿಂದೊಂದು ಹುದ್ದೆಗಳು ಬಂದವು. 1853ರ ಜುಲೈಯಲ್ಲಿ ಪೆರಿ ಉರಗಾ ಬಂದರಿಗೆ ಬಂದು, ಮುಂದಿನ ವರ್ಷ ಉತ್ತರ ಪಡೆಯಲು ಮರಳುವುದಾಗಿ ಹೇಳಿ ಹೋದಾಗ, ಕವಾಜಿ ಮತ್ತು ಹಿರಿಯ ಅಧಿಕಾರಿ ತ್ಸುತ್ಸುಯಿ ಮಸನೊರಿ ಇಬ್ಬರೂ ಮಿತೊ ಸಂಸ್ಥಾನದ ಪ್ರಭಾವಿ ಮುಖಂಡ ತೊಕುಗವಾ ನರಿಅಕಿಯ ಬಳಿ ಒಂದು ಸಲಹೆಯನ್ನಿಟ್ಟರು: ಬೇಡವೆಂದೂ ಹೇಳದೆ, ಆಗಲಿ ಎಂದೂ ಹೇಳದೆ ಐದು ಹತ್ತು ವರ್ಷ ಮಾತುಕತೆಯನ್ನು ಎಳೆದುಕೊಂಡು ಹೋಗುವುದು, ಆ ಅವಧಿಯಲ್ಲಿ ರಕ್ಷಣೆಯನ್ನು ಬಲಪಡಿಸಿಕೊಳ್ಳುವುದು. ಇದನ್ನು ಹೇಡಿತನವೆಂದು ಹಳಿದವರು ಅಂದೂ ಇದ್ದರು, ಮುಂದೆಯೂ ಇದ್ದರು. ಆದರೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಯುದ್ಧವನ್ನೇ ಕಾಣದೆ, ಉಗಿಹಡಗು ಒಂದೂ ಇಲ್ಲದೆ, ಬೊಕ್ಕಸ ಬರಿದಾಗಿದ್ದ ಸ್ಥಿತಿಯಲ್ಲಿ, ಆ ಬೊಕ್ಕಸದ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಕಾಲಾವಕಾಶವನ್ನು ಕೇಳಿದ್ದು ವಿವೇಕವೇ ಸರಿ. ಎಗವಾ ಜೊತೆ ಸೇರಿ ಶಿನಗವಾ ಕಡಲಂಚಿನಲ್ಲಿ ಫಿರಂಗಿ ದಿಬ್ಬಗಳನ್ನು ಕಟ್ಟಿಸುವ ಕೆಲಸದಲ್ಲಿಯೂ ಅವನು ತೊಡಗಿದ್ದನೆಂಬುದನ್ನು ಮರೆಯಬಾರದು.

ಪೆರಿ ಬಂದು ಹೋದ ಮರುತಿಂಗಳೇ ರಷ್ಯಾದ ಪ್ರತಿನಿಧಿ ಪುಟ್ಯಾಟಿನ್ ನಾಲ್ಕು ಹಡಗುಗಳೊಂದಿಗೆ ನಾಗಸಾಕಿಗೆ ಬಂದ. ಅಮೆರಿಕನ್ನರಂತೆ ರಾಜಧಾನಿಯ ಹೊಸ್ತಿಲಿಗೇ ನುಗ್ಗದೆ, ವಿದೇಶಿ ವ್ಯವಹಾರಕ್ಕೆ ಗೊತ್ತುಮಾಡಿದ್ದ ಬಂದರಿಗೇ ಬಂದು ಕಾದದ್ದರಿಂದ ಅವನ ಬಗ್ಗೆ ಎದೋದಲ್ಲಿ ಅಷ್ಟು ಕಹಿಯಿರಲಿಲ್ಲ. ಎಪ್ಪತ್ತು ದಾಟಿದ್ದ ತ್ಸುತ್ಸುಯಿ ಮತ್ತು ಕವಾಜಿ ಮುಖ್ಯ ಪ್ರತಿನಿಧಿಗಳಾಗಿ 1854ರ ಜನವರಿಯಲ್ಲಿ ನಾಗಸಾಕಿಯಲ್ಲಿ ಮಾತುಕತೆಗೆ ಕುಳಿತರು. ವ್ಯಾಪಾರ ಮತ್ತು ಬಂದರುಗಳ ಜೊತೆಗೆ ಗಡಿಯ ಪ್ರಶ್ನೆಯೂ ಇತ್ತು: ಉತ್ತರದ ಕುರಿಲ್ ದ್ವೀಪಮಾಲೆಯಲ್ಲಿ ಎತೊರೊಫು ಯಾರದು, ಸಖಾಲಿನ್ ಯಾರದು? ಪುಟ್ಯಾಟಿನ್ ಎತೊರೊಫುವಿನ ಮೇಲೂ ಹಕ್ಕು ಸಾಧಿಸಲು ನೋಡಿದ. ಅಲ್ಲಿ ಜಪಾನಿನ ಕಾವಲು ಠಾಣೆಗಳಿವೆ, ಆಡಳಿತದ ದಾಖಲೆಗಳಿವೆ ಎಂದು ಕವಾಜಿ ಬಿಗಿಯಾಗಿ ನಿಂತ. ಸಖಾಲಿನ್‌ನ ದಕ್ಷಿಣ ತುದಿಯ ಅನಿವಾ ಕೊಲ್ಲಿಯಲ್ಲಿ ರಷ್ಯಾದ ಸೈನಿಕರು ಬಂದು ತಳವೂರಿರುವುದೇಕೆ ಎಂದು ತಿರುಗಿ ಕೇಳಿದ. ಈ ಸಲ ಒಪ್ಪಂದವಾಗಲಿಲ್ಲ. ಬೇರೆ ದೇಶಕ್ಕೆ ಕೊಟ್ಟ ಸವಲತ್ತನ್ನು ರಷ್ಯಾಕ್ಕೂ ಕೊಡಲಾಗುವುದೆಂಬ ಭರವಸೆಯಷ್ಟೇ ಸಿಕ್ಕಿತು. ಎಳೆದುಕೊಂಡು ಹೋಗುವ ನೀತಿ ಇಲ್ಲಿ ನಿಜವಾಗಿ ಫಲಿಸಿತು.

ಪುಟ್ಯಾಟಿನ್‌ನ ಕಾರ್ಯದರ್ಶಿಯಾಗಿ ಬಂದಿದ್ದವನು ಕಾದಂಬರಿಕಾರ ಗೊಂಚರೋವ್. ಜಪಾನೀಯರ ಬಗ್ಗೆ ಹಲವೆಡೆ ಅಸಹನೆಯಿಂದಲೇ ಬರೆದಿರುವ ಅವನು ತನ್ನ ಪ್ರವಾಸಗ್ರಂಥದಲ್ಲಿ ಕವಾಜಿಯ ವಿಷಯ ಬಂದಾಗ ಸ್ವರವನ್ನೇ ಬದಲಿಸುತ್ತಾನೆ. ಆ ಬುದ್ಧಿಶಕ್ತಿ ತಮ್ಮ ವಿರುದ್ಧವೇ ಪ್ರಯೋಗವಾಗುತ್ತಿದ್ದರೂ ಅದನ್ನು ಗೌರವಿಸದಿರಲು ಆಗಲಿಲ್ಲವೆಂದೂ, ಅವನ ಪ್ರತಿ ಮಾತಿನಲ್ಲಿ, ನೋಟದಲ್ಲಿ ಅನುಭವ ಮತ್ತು ಚುರುಕುತನ ಕಾಣುತ್ತಿತ್ತೆಂದೂ ಅವನ ಅಭಿಪ್ರಾಯ. ಊಟದ ಸಮಯದಲ್ಲಿ ಕವಾಜಿ, ಎದೋದ ಚೆಲುವೆಯರಲ್ಲಿ ಒಬ್ಬಳಾದ ತನ್ನ ಹೆಂಡತಿಯನ್ನು ಬಿಟ್ಟು ಬಂದಿರುವುದಾಗಿ ಹೇಳಿ ರಷ್ಯನ್ನರನ್ನು ನಗಿಸಿದ ಪ್ರಸಂಗವೂ ಪ್ರಸಿದ್ಧವಾಗಿದೆ. ಜಪಾನೀ ಅಧಿಕಾರಿಯೆಂದರೆ ಮುಖದಲ್ಲಿ ಭಾವವೇ ಕಾಣದವನೆಂದು ನಂಬಿ ಬಂದಿದ್ದ ಅತಿಥಿಗಳಿಗೆ ಇದು ಅನಿರೀಕ್ಷಿತವಾಗಿತ್ತು.

ಎರಡನೆಯ ಸುತ್ತು ನಡೆದದ್ದು ಇಜು ಪರ್ಯಾಯದ್ವೀಪದ ಶಿಮೊದಾದಲ್ಲಿ, 1854ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಎರಡು ಸಂಗತಿಗಳು ಬದಲಾಗಿದ್ದವು: ಮಾರ್ಚ್ 31ರಂದು ಪೆರಿಯೊಡನೆ ಕನಗವಾ ಒಪ್ಪಂದವಾಗಿ ಶಿಮೊದಾ ಮತ್ತು ಹಕೊದಾತೆ ತೆರೆದಿದ್ದವು, ಇತ್ತ ಕ್ರಿಮಿಯಾ ಯುದ್ಧದಲ್ಲಿ ರಷ್ಯಾವು ಬ್ರಿಟನ್ ಮತ್ತು ಫ್ರಾನ್ಸ್‌ಗಳಿಗೆ ಶತ್ರುವಾಗಿದ್ದುದರಿಂದ ಪುಟ್ಯಾಟಿನ್ ಶತ್ರುನೌಕೆಗಳ ಕಣ್ಣು ತಪ್ಪಿಸಿ ದಿಯಾನಾ ಎಂಬ ಒಂದೇ ಹಡಗಿನಲ್ಲಿ ಬಂದಿದ್ದ. ಡಿಸೆಂಬರ್ 22ರಂದು ವಿಧ್ಯುಕ್ತ ಮಾತುಕತೆ ಆರಂಭವಾಯಿತು. ಮರುದಿನ ಬೆಳಿಗ್ಗೆ ಭಾರಿ ಭೂಕಂಪವಾಗಿ, ಅದರ ಬೆನ್ನಿಗೇ ಬಂದ ಸುನಾಮಿ ಅಲೆಗಳು ಶಿಮೊದಾದ ಎಂಟುನೂರಕ್ಕೂ ಹೆಚ್ಚು ಮನೆಗಳನ್ನು ಕೊಚ್ಚಿಕೊಂಡು ಹೋದವು. ದಿಯಾನಾ ತಿರುಗಿ ತಿರುಗಿ ಬಡಿದು ತಳ ಒಡೆಯಿತು. ಅಂಥ ಹೊತ್ತಿನಲ್ಲೂ ರಷ್ಯನ್ ನಾವಿಕರು ನೀರಿನಲ್ಲಿ ತೇಲಿಬಂದ ಜಪಾನೀಯರನ್ನು ಎತ್ತಿಕೊಂಡರು, ಗಾಯಗೊಂಡವರ ಶುಶ್ರೂಷೆಗೆ ವೈದ್ಯರನ್ನು ಕಳಿಸಲು ಮುಂದಾದರು. ದುರಸ್ತಿಗಾಗಿ ಹೆದಾ ಎಂಬ ಊರಿಗೆ ಒಯ್ಯುವ ದಾರಿಯಲ್ಲಿ, 1855ರ ಜನವರಿಯಲ್ಲಿ, ಸುರುಗಾ ಕೊಲ್ಲಿಯಲ್ಲಿ ಆ ಹಡಗು ಮುಳುಗಿತು. ಈ ಬಾರಿ ಕರಾವಳಿಯ ಹಳ್ಳಿಗರು ಹಗ್ಗ ಹಿಡಿದು ಸುಮಾರು 500 ರಷ್ಯನ್ನರನ್ನು ದಡಕ್ಕೆಳೆದುಕೊಂಡರು.

ದೇಶಕ್ಕೆ ಹಿಂದಿರುಗಲು ಹಡಗಿಲ್ಲದ ಎದುರಾಳಿಯ ಜೊತೆ ಸಂಧಾನ ನಡೆಸುವುದು ಕವಾಜಿಗೆ ಒದಗಿದ ವಿಚಿತ್ರ ಸಂದರ್ಭ. ಅವನು ಆ ಅಸಹಾಯಕತೆಯನ್ನು ಹಿಂಡಲು ಹೋಗಲಿಲ್ಲ, ಹಾಗೆಂದು ತನ್ನ ವಾದವನ್ನು ಸಡಿಲಿಸಲೂ ಇಲ್ಲ. ಹೆದಾದಲ್ಲಿ ರಷ್ಯನ್ನರಿಗೆ ಹೊಸ ಹಡಗು ಕಟ್ಟಿಕೊಡುವ ಏರ್ಪಾಡಿಗೆ ಎಗವಾ ಹಿದೆತತ್ಸು ಮತ್ತು ಅವನು ಹೊಣೆಯಾಗಿ ನಿಂತರು. ರಷ್ಯನ್ ಅಧಿಕಾರಿಗಳು ಬರೆದ ನಕ್ಷೆಯನ್ನು ನೋಡಿ ಜಪಾನಿನ ಹಡಗು ಬಡಗಿಗಳು ಕೆಲವೇ ತಿಂಗಳಲ್ಲಿ ಎರಡು ಕೂವೆಮರಗಳ ಹಡಗೊಂದನ್ನು ಕಟ್ಟಿದರು. ಆ ಊರಿನ ಹೆಸರನ್ನೇ ಪುಟ್ಯಾಟಿನ್ ಅದಕ್ಕಿಟ್ಟ. ಪಾಶ್ಚಾತ್ಯ ಮಾದರಿಯ ಹಡಗು ನಿರ್ಮಾಣವನ್ನು ಜಪಾನಿನ ಕುಶಲಕರ್ಮಿಗಳು ಕೈಯಾರೆ ಕಲಿತದ್ದು ಇಲ್ಲಿ. ಅದೇ ನಮೂನೆಯ ಇನ್ನಷ್ಟು ಹಡಗುಗಳು ಹೆದಾದಲ್ಲಿಯೇ ತಯಾರಾದವು, ಆ ಬಡಗಿಗಳಲ್ಲಿ ಒಬ್ಬನಾದ ಉಯೆದಾ ತೊರಕಿಚಿ ಮುಂದೆ ನೆದರ್ಲೆಂಡ್ಸ್‌ಗೆ ಹೋಗಿ ಕಲಿತು ಯೊಕೊಸುಕಾ ಹಡಗುಕಟ್ಟೆಯಲ್ಲಿ ದುಡಿದ. ಕವಾಜಿ ತನ್ನ ಶಿಮೊದಾ ದಿನಚರಿಯಲ್ಲಿ ಪುಟ್ಯಾಟಿನ್‌ನನ್ನು ಬೈಯುತ್ತಲೇ, ಮನೆಯಿಂದ ಅಷ್ಟು ದೂರದಲ್ಲಿ ಹಡಗನ್ನು ಕಳೆದುಕೊಂಡೂ ತನ್ನ ದೊರೆಯ ಕೆಲಸವನ್ನು ಬಿಡದ ಆ ಮನುಷ್ಯ ನಿಜವಾದ ವೀರನೆಂದು, ತನ್ನ ಕಷ್ಟಗಳು ಅವನ ಕಷ್ಟಗಳ ಮುಂದೆ ಏನೂ ಅಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಎದುರಾಳಿಯನ್ನು ಹೀಗೆ ಕಾಣಬಲ್ಲ ಗುಣವೇ ಇಡೀ ಪ್ರಕರಣದ ಅತ್ಯಂತ ಬೆಲೆಯುಳ್ಳ ಭಾಗ.

1855ರ ಫೆಬ್ರವರಿ 7ರಂದು ಶಿಮೊದಾದ ಚೋರಕುಜಿ ದೇವಾಲಯದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿತು. ಶಿಮೊದಾ, ಹಕೊದಾತೆ, ನಾಗಸಾಕಿಗಳು ರಷ್ಯನ್ ಹಡಗುಗಳಿಗೆ ತೆರೆದವು. ಗಡಿಯ ಗೆರೆ ಎತೊರೊಫು ಮತ್ತು ಉರುಪ್ಪು ದ್ವೀಪಗಳ ನಡುವೆ ಹಾದುಹೋಯಿತು. ಸಖಾಲಿನ್ ಮಾತ್ರ ಹಿಂದಿನಂತೆ ಗಡಿಯಿಲ್ಲದೆ ಉಳಿಯಿತು. ಒಂದು ದೇಶದ ಪ್ರಜೆ ಇನ್ನೊಂದು ದೇಶದಲ್ಲಿ ಅಪರಾಧ ಮಾಡಿದರೆ ಅವನದೇ ದೇಶದ ಕಾನೂನಿನಂತೆ ವಿಚಾರಣೆ ನಡೆಯಬೇಕೆಂಬ ನಿಯಮ ಇಲ್ಲಿ ಎರಡೂ ಕಡೆಗೆ ಸಮಾನವಾಗಿ ಅನ್ವಯಿಸುತ್ತಿತ್ತು. ಮೂರು ವರ್ಷಗಳ ನಂತರ ಅಮೆರಿಕದೊಡನೆ ಆದ ಒಪ್ಪಂದದಲ್ಲಿ ಇದೇ ನಿಯಮ ವಿದೇಶಿಯರ ಪರವಾಗಿ ಮಾತ್ರ ಬರೆಯಲ್ಪಟ್ಟು, ಅದನ್ನು ತೆಗೆದುಹಾಕಿಸಲು ಜಪಾನ್ ನಲವತ್ತು ವರ್ಷ ಹೋರಾಡಬೇಕಾಯಿತೆಂಬುದನ್ನು ನೆನೆದರೆ ಶಿಮೊದಾದ ಆ ಕಲಮಿನ ಮಹತ್ವ ಗೊತ್ತಾಗುತ್ತದೆ. ಎತೊರೊಫುವನ್ನು ಉಳಿಸಿದ ಕೀರ್ತಿಯನ್ನು ಕವಾಜಿಗೆ ಕೊಡುವಾಗ ಒಂದು ಎಚ್ಚರ ಬೇಕು. ಉರುಪ್ಪುವೇ ರಷ್ಯಾದ ಕೊನೆಯ ದ್ವೀಪವೆಂದು ಒಪ್ಪಿಕೊಳ್ಳಬಹುದೆಂಬ ಸೂಚನೆ ಪುಟ್ಯಾಟಿನ್‌ಗೆ ಚಕ್ರವರ್ತಿ ನಿಕೊಲಾಯ್‌ನ ಸರ್ಕಾರದಿಂದ 1853ರಲ್ಲೇ ಸಿಕ್ಕಿತ್ತೆಂದು ರಷ್ಯಾದ ದಾಖಲೆಗಳಿಂದ ಈಗ ತಿಳಿದಿದೆ. ನಾಗಸಾಕಿಯಲ್ಲಿ ಅವನು ಎತೊರೊಫುವನ್ನು ಕೇಳಿದ್ದು ಚೌಕಾಸಿಯ ಉಪಾಯವಾಗಿತ್ತು. ಕವಾಜಿಗೆ ಆ ಸೂಚನೆ ತಿಳಿದಿರಲು ಸಾಧ್ಯವಿರಲಿಲ್ಲ. ಎದುರಿನವನ ಕೈಯಲ್ಲಿರುವ ಕಾಗದವನ್ನು ನೋಡದೆಯೇ ಅವನು ಜಗ್ಗದೆ ನಿಂತನೆಂಬುದೇ ಅವನ ಸಾಧನೆ. 1875ರಲ್ಲಿ ಸಖಾಲಿನ್‌ಗೆ ಬದಲಾಗಿ ಇಡೀ ಕುರಿಲ್ ಮಾಲೆ ಜಪಾನಿಗೆ ಬಂತು, 1905ರ ಯುದ್ಧದ ನಂತರ ದಕ್ಷಿಣ ಸಖಾಲಿನ್ ಕೂಡ ಸೇರಿತು, 1945ರಲ್ಲಿ ಎಲ್ಲವೂ ಸೋವಿಯತ್ ಒಕ್ಕೂಟದ ಪಾಲಾಯಿತು. ಎತೊರೊಫು ಮತ್ತು ಅದರ ದಕ್ಷಿಣದ ದ್ವೀಪಗಳು ತನ್ನವೆಂದು ಜಪಾನ್ ಇಂದಿಗೂ ವಾದಿಸುವಾಗ 1855ರ ಗೆರೆಯನ್ನೇ ಆಧಾರವಾಗಿ ತೋರಿಸುತ್ತದೆ. 1981ರಿಂದ ಫೆಬ್ರವರಿ 7ನ್ನು ಉತ್ತರದ ಭೂಭಾಗಗಳ ದಿನವೆಂದು ಆಚರಿಸುತ್ತಿದೆ.

ನಂತರದ ಕೆಲವು ವರ್ಷ ಕವಾಜಿಯ ಪ್ರಭಾವ ಉನ್ನತ ಸ್ಥಿತಿಯಲ್ಲಿತ್ತು. ಪಾಶ್ಚಾತ್ಯ ಗ್ರಂಥಗಳ ಅಧ್ಯಯನಕ್ಕಾಗಿ ಸರ್ಕಾರ ಸ್ಥಾಪಿಸಿದ ಸಂಸ್ಥೆಯ ಏರ್ಪಾಡಿನಲ್ಲಿ ಅವನ ಪಾತ್ರವಿತ್ತು. ನಾಗಸಾಕಿಗೆ ಅವನ ಜೊತೆ ಬಂದಿದ್ದ ವಿದ್ವಾಂಸ ಕೊಗಾ ಕಿನ್‌ಇಚಿರೊ ಅದರ ಮೊದಲ ಮುಖ್ಯಸ್ಥನಾದ. ಅಬೆ ಮಸಹಿರೊ 1857ರಲ್ಲಿ ತೀರಿಕೊಂಡ. ಅದಕ್ಕೆ ಮೊದಲೇ ಹಿರಿಯ ಮಂತ್ರಿಗಳಲ್ಲಿ ಮೊದಲಿಗನಾಗಿದ್ದ ಹೊತ್ತಾ ಮಸಯೊಶಿಯ ಕಾಲದಲ್ಲಿ ಅಮೆರಿಕದ ಪ್ರತಿನಿಧಿ ಟೌನ್ಸೆಂಡ್ ಹ್ಯಾರಿಸ್ ವ್ಯಾಪಾರ ಒಪ್ಪಂದಕ್ಕೆ ಪಟ್ಟುಹಿಡಿದಾಗ, ವಿರೋಧಿ ಸಾಮಂತರ ಬಾಯಿ ಮುಚ್ಚಿಸಲು ಚಕ್ರವರ್ತಿಯ ಒಪ್ಪಿಗೆಯನ್ನು ಪಡೆಯುವುದು ಲೇಸೆಂದು ಹೊತ್ತಾ ತೀರ್ಮಾನಿಸಿ, 1858ರ ಆರಂಭದಲ್ಲಿ ಕವಾಜಿ ಮತ್ತು ಇವಾಸೆ ತದನರಿಯನ್ನು ಕರೆದುಕೊಂಡು ಕ್ಯೋಟೊಗೆ ಹೋದ. ರಷ್ಯನ್ನರೊಡನೆ ಸೋಲದಿದ್ದ ಸಂಧಾನಕಾರ ತನ್ನದೇ ದೇಶದ ರಾಜಪುರೋಹಿತ ವರ್ಗದಂತಿದ್ದ ಆಸ್ಥಾನದ ಶ್ರೀಮಂತರ ಎದುರು ಸೋತ. ಅಲ್ಲಿ ದಾಖಲೆಗಳಿಗೆ, ಹಡಗುಗಳ ಲೆಕ್ಕಕ್ಕೆ ಬೆಲೆಯಿರಲಿಲ್ಲ. ವಿದೇಶಿಯರ ಪಾದಸ್ಪರ್ಶದಿಂದ ದೇವಭೂಮಿಗೆ ಮೈಲಿಗೆಯೆಂಬ ಚಕ್ರವರ್ತಿ ಕೋಮೆಯ ನಂಬಿಕೆ ಅಲುಗಲಿಲ್ಲ. ಆಸ್ಥಾನದ 88 ಮಂದಿ ಒಟ್ಟಾಗಿ ಪ್ರತಿಭಟಿಸಿದರು, ಒಪ್ಪಿಗೆ ಸಿಗಲಿಲ್ಲ. ನ್ಯಾಯಸಭೆಯ ವಿದ್ಯೆ ಎದುರಾಳಿಯೂ ಪ್ರಮಾಣವನ್ನು ಒಪ್ಪುವವನಾಗಿದ್ದರೆ ಮಾತ್ರ ನಡೆಯುತ್ತದೆ.

ಅದೇ ಹೊತ್ತಿಗೆ ಮಕ್ಕಳಿಲ್ಲದ ಶೋಗನ್ ಇಯೆಸದನಿಗೆ ಉತ್ತರಾಧಿಕಾರಿ ಯಾರೆಂಬ ಜಗಳವೂ ಕಾವೇರಿತ್ತು. ಇವಾಸೆ, ಕವಾಜಿ ಮುಂತಾದ ಸಮರ್ಥ ಅಧಿಕಾರಿಗಳು ಪ್ರಾಪ್ತವಯಸ್ಕನೂ ಬುದ್ಧಿವಂತನೂ ಆದ ಹಿತೊತ್ಸುಬಶಿ ಯೊಶಿನೊಬು ಆಗಬೇಕೆಂಬ ಕಡೆಗಿದ್ದರು. ರಕ್ತಸಂಬಂಧದ ಸಮೀಪತೆಯೇ ಮುಖ್ಯವೆನ್ನುವವರು ಕೀ ಸಂಸ್ಥಾನದ ಬಾಲಕನ ಪರವಾಗಿದ್ದರು. 1858ರ ಜೂನ್‌ನಲ್ಲಿ ಈ ಎರಡನೆಯ ಪಕ್ಷದ ಇಯಿ ನವೊಸುಕೆ ಮಹಾಮಂತ್ರಿಯಾದ. ಎರಡು ವಾರ ಕಳೆಯುವುದರೊಳಗೆ ಕವಾಜಿಯನ್ನು ಹಣಕಾಸಿನಿಂದ ತೆಗೆದು, ಕೋಟೆಯ ಪಶ್ಚಿಮ ಆವರಣದ ಉಸ್ತುವಾರಿಯೆಂಬ, ವಯಸ್ಸಾದವರಿಗೆ ಕೊಡುವ ಹುದ್ದೆಗೆ ಕಳಿಸಲಾಯಿತು. ಜುಲೈ 29ರಂದು ಅಮೆರಿಕದೊಡನೆ ಒಪ್ಪಂದಕ್ಕೆ ಸಹಿ ಹಾಕಿದ ಇಬ್ಬರಲ್ಲಿ ಒಬ್ಬ ಇವಾಸೆ, ಇನ್ನೊಬ್ಬ ಕವಾಜಿಯ ತಮ್ಮ ಇನೌಯೆ ಕಿಯೊನವೊ. 1859ರಲ್ಲಿ ಕವಾಜಿಯನ್ನು ಸೇವೆಯಿಂದ ನಿವೃತ್ತಗೊಳಿಸಿ ಮನೆಯಲ್ಲಿ ನಿರ್ಬಂಧದಲ್ಲಿಟ್ಟರು. ಇವಾಸೆಗೂ ಅದೇ ಗತಿಯಾಗಿ 1861ರಲ್ಲಿ ಅವನು ನಿರ್ಬಂಧದಲ್ಲೇ ತೀರಿಕೊಂಡ. ಶೋಗನ್ ಆಡಳಿತದ ದೋಷ ಇರುವುದು ಇಲ್ಲಿ. ಯೋಗ್ಯನನ್ನು ಗುಮಾಸ್ತಿಕೆಯಿಂದ ಬುಗ್ಯೋ ಸ್ಥಾನದವರೆಗೆ ಏರಿಸುವ ದಾರಿ ಅದಕ್ಕೆ ಗೊತ್ತಿತ್ತು. ಆದರೆ ಮಂತ್ರಿಮಂಡಲದ ಬಾಗಿಲು ಅಂಥವನಿಗೆ ಎಂದೂ ತೆರೆಯುತ್ತಿರಲಿಲ್ಲ. ಆದ್ದರಿಂದ ಅವನ ಕೆಲಸವೆಲ್ಲ ಯಾವನೋ ಒಬ್ಬ ಸಾಮಂತನ ಮರ್ಜಿಯ ಮೇಲೆ ನಿಂತಿರುತ್ತಿತ್ತು, ಸಾಮಂತ ಬದಲಾದ ದಿನ ನಿಷ್ಪಕ್ಷಪಾತಿ ಅಧಿಕಾರಿಯೂ ಸೋತ ಪಕ್ಷದವನೆನಿಸಿಕೊಳ್ಳುತ್ತಿದ್ದ. ದೇಶಕ್ಕೆ ಅನುಭವಿಗಳ ಅಗತ್ಯ ಅತಿ ಹೆಚ್ಚಾಗಿದ್ದ ಗಳಿಗೆಯಲ್ಲಿ ಇಯಿ ನವೊಸುಕೆ ಅವರನ್ನೆಲ್ಲ ಗುಡಿಸಿಹಾಕಿದ್ದು ಆ ಆಡಳಿತಕ್ಕೆ ಪೆರಿಯ ಫಿರಂಗಿಗಳಿಗಿಂತ ಹೆಚ್ಚಿನ ಹಾನಿ ಮಾಡಿತು.

ಇಯಿ 1860ರಲ್ಲಿ ಕೊಲೆಯಾದ. 1863ರಲ್ಲಿ ಕವಾಜಿಯನ್ನು ಮತ್ತೆ ಕರೆದು ವಿದೇಶಾಂಗ ಬುಗ್ಯೋ ಮಾಡಿದರು. ಅವನ ಆರೋಗ್ಯ ಕೆಟ್ಟಿತ್ತು, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟ. ಆಮೇಲೆ ಪಾರ್ಶ್ವವಾಯು ಬಡಿದು ದೇಹದ ಒಂದು ಭಾಗ ಸ್ವಾಧೀನ ತಪ್ಪಿತು. 1868ರ ಆರಂಭದಲ್ಲಿ ತೊಬಾ–ಫುಶಿಮಿ ಕದನದಲ್ಲಿ ಶೋಗನ್‌ನ ಸೇನೆ ಸತ್ಸುಮಾ ಮತ್ತು ಚೋಶು ಪಡೆಗಳ ಎದುರು ಸೋತು, ಕೊನೆಯ ಶೋಗನ್ ಆಗಿದ್ದ ಯೊಶಿನೊಬು ಎದೋಗೆ ಮರಳಿ ಶರಣಾಗತಿಗೆ ಸಿದ್ಧನಾದ. ಎದೋ ಕೋಟೆಯ ಮೇಲೆ ದಾಳಿ ನಡೆಸಲು ಚಕ್ರವರ್ತಿಯ ಸೇನೆ ಗೊತ್ತುಮಾಡಿದ್ದ ದಿನ ಹಳೆಯ ಪಂಚಾಂಗದ ಮೂರನೆಯ ತಿಂಗಳ 15, ಎಂದರೆ ಏಪ್ರಿಲ್ 7. ಆ ಸೇನೆಯ ಮುಖಂಡ ಸೈಗೊ ತಕಮೊರಿ ಮತ್ತು ಶೋಗನ್ ಕಡೆಯ ಕತ್ಸು ಕೈಶು ನಡುವಿನ ಮಾತುಕತೆಯಿಂದ ದಾಳಿ ಹಿಂದಿನ ದಿನವೇ ನಿಂತಿತ್ತು. ಅದೇ 15ರಂದು ಕವಾಜಿ ತನ್ನ ಮನೆಯಲ್ಲಿ, ಸಮುರಾಯ್ ಪದ್ಧತಿಯಂತೆ ಹೊಟ್ಟೆಯ ಮೇಲೆ ಗಾಯ ಮಾಡಿಕೊಂಡು, ಕೈಗೆ ಬಲವಿಲ್ಲದಿದ್ದುದರಿಂದ ಪಿಸ್ತೂಲಿನಿಂದ ಪ್ರಾಣ ಬಿಟ್ಟ.

ಅವನ ಮಗ ಮೊದಲೇ ತೀರಿಕೊಂಡಿದ್ದುದರಿಂದ ಮನೆತನದ ಉತ್ತರಾಧಿಕಾರಿಯಾಗಿದ್ದವನು ಮೊಮ್ಮಗ ತಾರೊ. ಅವನು ಆಗ ಲಂಡನ್ನಿನಲ್ಲಿದ್ದ. ಶೋಗನ್ ಸರ್ಕಾರ 1866ರಲ್ಲಿ ಬ್ರಿಟನ್ನಿಗೆ ಕಳಿಸಿದ್ದ ವಿದ್ಯಾರ್ಥಿಗಳ ಮೇಲ್ವಿಚಾರಣೆ ಅವನಿಗೂ ವಿದ್ವಾಂಸ ನಕಮುರಾ ಮಸನವೊಗೂ ವಹಿಸಲ್ಪಟ್ಟಿತ್ತು. ಕಳಿಸಿದ ಸರ್ಕಾರವೇ ಇಲ್ಲವಾದ ಮೇಲೆ ಅವರೆಲ್ಲ ಊರಿಗೆ ಮರಳಿದರು. 1871ರಲ್ಲಿ ಹೊಸ ಸರ್ಕಾರದ ಮುಖಂಡರು ಇವಾಕುರಾ ತೊಮೊಮಿಯ ನೇತೃತ್ವದಲ್ಲಿ ಅಮೆರಿಕ ಮತ್ತು ಯುರೋಪಿಗೆ ದೊಡ್ಡ ನಿಯೋಗವನ್ನು ಒಯ್ದಾಗ, ಪರದೇಶದ ಭಾಷೆ ಮತ್ತು ವ್ಯವಹಾರ ಬಲ್ಲ ಕಾರ್ಯದರ್ಶಿಗಳು ಬೇಕಾದರು. ಅಂಥವರು ದೊರೆತದ್ದು ಬಹುಪಾಲು ಅವರು ಉರುಳಿಸಿದ ಆಡಳಿತದ ಕಚೇರಿಗಳಿಂದಲೇ. ತನಬೆ ತೈಚಿ, ಫುಕುಚಿ ಗೆನ್‌ಇಚಿರೊ ಮುಂತಾದ ಮಾಜಿ ಶೋಗನ್ ನೌಕರರೊಂದಿಗೆ ಆ ಪಟ್ಟಿಯಲ್ಲಿ ಕವಾಜಿ ತಾರೊನ ಹೆಸರೂ ಇತ್ತು.